ಗೇಟಿಗೆ ಇಳಿದುಬಂದ ಹಳದಿ ಸೈಕಲ್ಲು

ಹೋದ ತಿಂಗಳು ಕಡೂರಿನ ಹೆದ್ದಾರಿ ಪಕ್ಕ ಹೊಸದಾಗಿ ಶುರುವಾಗಿರುವ ದೊಡ್ಡ ಅಂಗಡಿಗೆ ಹೆಂಡತಿ ಶಾರದಾಳ ಜೊತೆ ಹೋಗಿದ್ದೆ. ಮನೆಗೊಂದು ಬಕೆಟ್ ಬೇಕಿತ್ತು. ಬೇಳೆ, ಬನಿಯನ್, ಬಾಣಲೆ, ಟೀವಿ ಎಲ್ಲವೂ ಒಂದೇ ಸೂರಿನಡಿ ಸಿಗುವ ಅಂಗಡಿ ಅದು. ಒಳಗೆ ತಂಪಾಗಿರುತ್ತದೆ, ಹೊರಗೆ ಬರುವ ದಾರಿ ಮಾತ್ರ ಬೇಗ ಸಿಗುವುದಿಲ್ಲ. ಬಕೆಟ್ ಹುಡುಕುತ್ತ ಒಂದು ಮೂಲೆ ತಿರುಗಿದೆ, ಹೊಸ ಟೈರಿನ ವಾಸನೆ ಮೂಗಿಗೆ ಬಡಿಯಿತು. ಅಲ್ಲಿ ಸಾಲಾಗಿ ಸೈಕಲ್ಲುಗಳನ್ನು ನಿಲ್ಲಿಸಿದ್ದರು. ಪಕ್ಕದ ಕಂಬಿ ಹಿಡಿದುಕೊಂಡೆ. ಶಾರದಾ ಬಂದು ನನ್ನ ಮುಖ ನೋಡಿದಳು, ಸೈಕಲ್ಲುಗಳನ್ನೂ ನೋಡಿದಳು. ಬಕೆಟ್ ತೆಗೆದುಕೊಳ್ಳದೆಯೇ ಹೊರಗೆ ಬಂದೆವು.

ಮಗಳು ಕಾಲೇಜಿಗೆ ಸೇರಿದ ವರ್ಷ ನಾನು ಅಜ್ಜಂಪುರ ಸ್ಟೇಷನ್ನಿಗೂ ಶಿವನಿ ಸ್ಟೇಷನ್ನಿಗೂ ನಡುವೆ ಇದ್ದ ಒಂದು ರೈಲ್ವೆ ಗೇಟಿನಲ್ಲಿ ಕೆಲಸ ಮಾಡುತ್ತಿದ್ದೆ. ಈಗ ಅಲ್ಲಿ ಗೇಟಿಲ್ಲ, ಹಳಿಯ ಕೆಳಗೆ ದಾರಿ ಮಾಡಿದ್ದಾರೆ, ಮಳೆ ಬಂದರೆ ಅದರಲ್ಲಿ ನೀರು ನಿಲ್ಲುತ್ತದೆ. ಆಗ ಗೇಟಿನ ಒಂದು ಕಡೆ ಅಜ್ಜಂಪುರದ ರಸ್ತೆ, ಇನ್ನೊಂದು ಕಡೆ ನಮ್ಮೂರ ದಿಣ್ಣೆ. ನನ್ನ ಗುಮಟಿ, ಅಂದರೆ ಗೇಟಿನವನು ಕೂರುವ ಪುಟ್ಟ ಕೋಣೆ, ಇದ್ದದ್ದು ಅಜ್ಜಂಪುರದ ಕಡೆ. ಬಾಗಿಲಲ್ಲಿ ಕೂತರೆ ಹಳಿಯಾಚೆ ದಿಣ್ಣೆಯ ರಸ್ತೆ ತುದಿಯಿಂದ ಬುಡದವರೆಗೂ ಕಾಣುತ್ತಿತ್ತು. ನಮ್ಮ ಮನೆ ದಿಣ್ಣೆಯ ಮೇಲಿನ ಊರಲ್ಲೇ ಇದ್ದದ್ದರಿಂದ ಅಲ್ಲಿ ಕೆಲಸ ಸಿಕ್ಕಿದ್ದು ನನ್ನ ಪುಣ್ಯ ಅಂತ ಎಲ್ಲರೂ ಹೇಳುತ್ತಿದ್ದರು. ಆ ಮಳೆಗಾಲ ಬರುವವರೆಗೆ ನಾನೂ ಹಾಗೇ ಅಂದುಕೊಂಡಿದ್ದೆ.

ಗೇಟಿನ ಕೆಲಸ ಅಂದರೆ ಹೆದರುವ ಕೆಲಸ. ಹೆದರದವನು ಅದಕ್ಕೆ ನಾಲಾಯಕ್ಕು. ಗೇಟು ಹಾಕಿದ ಮೇಲೂ ಬೈಕು ಬಗ್ಗಿಸಿಕೊಂಡು ಅಡಿಯಲ್ಲಿ ನುಸುಳುವವರು, ಕುರಿ ಹೊಡೆದುಕೊಂಡು ಹಳಿಯ ಮೇಲೇ ಬೀಡಿ ಹಚ್ಚುವವರು, ಒಂದು ನಿಮಿಷ ಅಂತ ನನ್ನ ಗದ್ದ ಹಿಡಿದು ಕೇಳುವ ಹೆಂಗಸರು, ಇವರ ಮೇಲೆಲ್ಲ ರೇಗಿ ರೇಗಿ ನನ್ನ ಗಂಟಲೇ ಹಾಳಾಗಿತ್ತು. ಅದಕ್ಕೂ ಮುಂಚೆ ಹಳಿ ರಿಪೇರಿಯ ಗ್ಯಾಂಗಿನಲ್ಲಿದ್ದೆ. ಬೋಲ್ಟು ಬಿಗಿ ಮಾಡುವುದು, ಮಾರನೇ ದಿನ ಅದೇ ಬೋಲ್ಟನ್ನು ಮತ್ತೆ ನೋಡುವುದು, ಇದೇ ಕೆಲಸ. ನಂಬದೆ ಇರುವುದು ನನಗೆ ಕೈಗೆ ಹತ್ತಿದ ವಿದ್ಯೆ. ಮನೆಯಲ್ಲಿ ಸಿಲಿಂಡರಿನ ನಾಬನ್ನು ಎರಡು ಸಲ ನೋಡಿಯೇ ಮಲಗುವವನು ನಾನು. ಮಗಳು ರಮ್ಯಾ ನನಗೆ ಪುಕ್ಕಲಪ್ಪ ಅಂತಲೇ ಹೆಸರಿಟ್ಟಿದ್ದಳು.

ಆ ವರ್ಷ ರಮ್ಯಾ ಎಸ್ಸೆಸ್ಸೆಲ್ಸಿ ಪಾಸಾಗಿ ಅಜ್ಜಂಪುರದ ಕಾಲೇಜಿಗೆ ಸೇರಿದಳು. ಬೆಳಗಿನ ಬಸ್ಸು ಬಂದರೆ ಬಂತು, ಇಲ್ಲವಾದರೆ ಇಲ್ಲ. ಶಿವಮೊಗ್ಗದಲ್ಲಿರುವ ಅವಳ ಮಾವ, ಅಂದರೆ ಶಾರದಾಳ ತಮ್ಮ, ಸೈಕಲ್ಲು ಕೊಡಿಸುತ್ತೇನೆ ಅಂತ ಕರೆದುಕೊಂಡು ಹೋದ. ಸೈಕಲ್ ಅಂಗಡಿಗೆ ಹೋಗುತ್ತಾನೆ ಅಂದುಕೊಂಡಿದ್ದೆ, ಅವನು ಹೋದದ್ದು ಅಲ್ಲಿನ ಬೇಳೆ, ಬಾಣಲೆ ಮಾರುವ ದೊಡ್ಡ ಅಂಗಡಿಗೆ. ಅಲ್ಲಿಂದ ಹಳದಿ ಬಣ್ಣದ, ಸಣಕಲು ಟೈರಿನ, ಮಡ್‌ಗಾರ್ಡಿಲ್ಲದ, ಕ್ಯಾರಿಯರಿಲ್ಲದ, ಸ್ಟ್ಯಾಂಡೂ ಇಲ್ಲದ ಒಂದು ಸೈಕಲ್ಲು ಟೆಂಪೋ ಮೇಲೆ ಬಂತು. ನೋಡುವುದಕ್ಕೇನೋ ಚೆಂದವೇ ಇತ್ತು. ಶಾರದಾಳ ಫೋನಿನಲ್ಲಿ ಅಂಥದ್ದರ ಮೇಲೆ ಯಾರೋ ಹುಡುಗಿಯರು ಸವಾರಿ ಮಾಡುವುದನ್ನು ರಮ್ಯಾ ನೋಡಿ ನೋಡಿ ಆಸೆ ಇಟ್ಟುಕೊಂಡಿದ್ದಳಂತೆ. ಅಂಥ ಸೈಕಲ್ಲೇ ಇಷ್ಟು ಅಗ್ಗಕ್ಕೆ ಸಿಕ್ಕಿತು ಅಂತ ಮಾವನಿಗೂ ಹಿಗ್ಗು.

ಅದರ ಹೆಸರು ಫಿಕ್ಸೆಡ್ ಗೇರ್. ಮಾಮೂಲಿ ಸೈಕಲ್ಲಿನಲ್ಲಿ ಇಳಿಜಾರು ಬಂದರೆ ಪೆಡಲ್ ನಿಲ್ಲಿಸಿ ಹಾಯಾಗಿ ಕೂರಬಹುದು. ಇದರಲ್ಲಿ ಹಾಗಿಲ್ಲ. ಚಕ್ರ ತಿರುಗುವವರೆಗೂ ಪೆಡಲ್ ತಿರುಗುತ್ತಲೇ ಇರುತ್ತದೆ, ಅದರ ಜೊತೆ ಕಾಲೂ. ನಿಲ್ಲಿಸಬೇಕಾದರೆ ಕಾಲಲ್ಲಿ ಹಿಂದಕ್ಕೆ ಒತ್ತಬೇಕು, ಆಗ ಹಿಂದಿನ ಚಕ್ರ ನಿಧಾನವಾಗುತ್ತದೆ. ಹಾಗಾಗಿ ಹಿಂದಿನ ಚಕ್ರಕ್ಕೆ ಬೇರೆ ಬ್ರೇಕೇ ಇರಲಿಲ್ಲ. ಇದ್ದದ್ದು ಮುಂದಿನ ಚಕ್ರಕ್ಕೆ ಒಂದೇ ಒಂದು ಬ್ರೇಕು.

ಇಲ್ಲಿ ನಮ್ಮಪ್ಪನ ವಿಷಯ ಹೇಳಬೇಕು. ಅಪ್ಪ ಕಾಲ ಕಳೆದದ್ದೆಲ್ಲ ಸೈಕಲ್ಲಿನ ಮೇಲೆ ಹಾಲಿನ ಕ್ಯಾನು ಕಟ್ಟಿಕೊಂಡು ಊರಿಂದ ಅಜ್ಜಂಪುರಕ್ಕೆ ಹೋಗಿ ಬಂದು. ಪ್ರಾಯದಲ್ಲಿ ಒಂದು ಸಲ ಮಳೆಯಲ್ಲಿ ಇದೇ ದಿಣ್ಣೆ ಇಳಿಯುವಾಗ ಮುಂದಿನ ಬ್ರೇಕು ಹಿಡಿದು, ಹಾಲು ಕ್ಯಾನು ಸಮೇತ ತಲೆಕೆಳಗಾಗಿ ಬಿದ್ದು ಮುಂದಿನ ಹಲ್ಲುಗಳನ್ನು ಕಳೆದುಕೊಂಡಿದ್ದ. ಅವತ್ತಿನಿಂದ ಮುಂದಿನ ಬ್ರೇಕು ಅಂದರೆ ಅವನಿಗೆ ಯಮನೇ. ಅವನೊಬ್ಬನೇ ಅಲ್ಲ, ನಮ್ಮೂರಲ್ಲಿ ಎಲ್ಲರೂ ಹಾಗೇ. ಹೊಸ ಸೈಕಲ್ಲು ಬಂದರೆ ಅರಿಶಿನ ಕುಂಕುಮ ಹಚ್ಚಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಹಿಸುಕಿ, ಕಾಯಿ ಒಡೆದ ಮೇಲೆ ಅಪ್ಪ ಸ್ಪ್ಯಾನರ್ ತಂದು ಮುಂದಿನ ಬ್ರೇಕಿನ ತಂತಿ ಬಿಚ್ಚಬೇಕು. ಪೂಜೆ ಮುಗಿಯುತ್ತಿದ್ದದ್ದೇ ಅಲ್ಲಿಗೆ. ಊರಿನ ಎಷ್ಟೋ ಮಕ್ಕಳ ಸೈಕಲ್ಲಿಗೆ ಅವನು ಹೀಗೆ ಕೈ ಹಾಕಿದ್ದಾನೆ, ಯಾರಿಗೂ ಏನೂ ಆಗಿರಲಿಲ್ಲ. ಆ ಸೈಕಲ್ಲುಗಳಿಗೆಲ್ಲ ಹಿಂದೊಂದು ಬ್ರೇಕು ಇರುತ್ತಿತ್ತು.

ಹಳದಿ ಸೈಕಲ್ಲಿನ ಪೂಜೆಯ ದಿನವೂ ಅಪ್ಪ ಸ್ಪ್ಯಾನರ್ ಹಿಡಿದೇ ಬಂದ. ರಮ್ಯಾ ಅಡ್ಡ ನಿಂತು, ಬಿಚ್ಚಿದರೆ ಅಂದ ಕೆಡುತ್ತದೆ ಅಂತ ಹಟ ಮಾಡಿದಳು. ಹಿಂದಿನ ಬ್ರೇಕು ಎಲ್ಲಿ ಅಂತ ಅವನು ಕೇಳಿದ್ದಕ್ಕೆ ಸೈಕಲ್ಲಿನ ಹಿಂಭಾಗ ಎತ್ತಿ, ಪೆಡಲ್ ಹಿಂದಕ್ಕೆ ಒತ್ತಿ, ಚಕ್ರ ಗಕ್ಕನೆ ನಿಂತದ್ದನ್ನು ತೋರಿಸಿದಳು. ಅಪ್ಪ ತಾನೂ ಒತ್ತಿ ನೋಡಿ ತಲೆದೂಗಿದ. ಬ್ರೇಕನ್ನು ಪೆಡಲಿನಲ್ಲೇ ಇಟ್ಟಿದ್ದಾರಲ್ಲ, ಈ ಕಾಲದವರು ಬುದ್ಧಿವಂತರು ಅಂದ. ಅವತ್ತಿಗೆ ಸ್ಪ್ಯಾನರ್ ಒಳಗೆ ಹೋಯಿತು.

ನನಗೆ ಭಯ ಶುರುವಾದದ್ದು ಎರಡನೇ ವಾರದಿಂದ. ಹ್ಯಾಂಡಲ್ ತಾನೇ ತಾನಾಗಿ ಒಂದು ಕಡೆಗೆ ತಿರುಗಿಕೊಳ್ಳುತ್ತದೆ ಅಂದಳು ರಮ್ಯಾ. ಬಿಗಿ ಮಾಡೋಣ ಅಂತ ಸ್ಪ್ಯಾನರ್ ಹಾಕಿದರೆ ನಟ್ಟಿನ ಮೂಲೆಗಳೇ ಸವೆದು ಗುಂಡಗಾದವು. ಅದು ಕಬ್ಬಿಣವಲ್ಲ, ಬೆಲ್ಲ. ವೆಲ್ಡಿಂಗ್ ನೋಡಿದರೆ ಕಾಗೆ ಹಿಕ್ಕೆ ಹಾಕಿದ ಹಾಗಿತ್ತು. ಹಳದಿ ಬಣ್ಣ ಉಗುರಿಗೆ ಎದ್ದು ಬರುತ್ತಿತ್ತು, ಕಡ್ಡಿಗಳು ಆಗಲೇ ತುಕ್ಕು ಹಿಡಿದಿದ್ದವು, ಪೆಡಲಿನ ಪ್ಲಾಸ್ಟಿಕ್ಕು ಸೀಳಿತ್ತು. ಇಂಥದ್ದನ್ನು ಮಾಡಿದವನು ತನ್ನ ಮಕ್ಕಳನ್ನು ಇದರ ಮೇಲೆ ಕೂರಿಸುತ್ತಾನೆಯೇ ಅಂತ ಬಯ್ದುಕೊಂಡೇ ಅಜ್ಜಂಪುರದ ಸೈಕಲ್ ಶಾಪಿನ ಬಾಬು ಸಾಬರ ಹತ್ತಿರ ತೆಗೆದುಕೊಂಡು ಹೋದೆ. ಅವರು ಅಂಥ ಸೈಕಲ್ಲಿಗೆ ಯಾವತ್ತೂ ಕೈ ಹಾಕಿದವರಲ್ಲ. ತಿರುಗಿಸಿ ಮುರುಗಿಸಿ ನೋಡಿ, ಹಿಂದಿನ ಹಲ್ಲುಚಕ್ರವನ್ನು ಹಿಡಿದಿಡುವ ಸಣ್ಣ ರಿಂಗನ್ನು ಅಲ್ಲಾಡಿಸಿದರು. ಅದು ಅಲ್ಲಾಡಿತು.

"ಇದರ ಥ್ರೆಡ್ಡು ಹೋಗ್ತಾ ಐತೆ ಅಣ್ಣ. ಇದು ಬಿಟ್ಟರೆ ಪೆಡಲ್ ಹಿಂದಕ್ಕೆ ಒತ್ತಿದ್ರೂ ಚಕ್ರ ನಿಲ್ಲಲ್ಲ. ನನ್ನತ್ರ ಇದಕ್ಕೆ ಸಾಮಾನಿಲ್ಲ, ತಗೊಂಡಲ್ಲೇ ವಾಪಸ್ ಕೊಟ್ಬಿಡಿ" ಅಂದರು.

ಭಾನುವಾರ ರಜೆ ಇತ್ತು, ಅವತ್ತೇ ಶಿವಮೊಗ್ಗಕ್ಕೆ ಹೋಗಿ ವಾಪಸ್ ಕೊಡುವುದು ಅಂತ ತೀರ್ಮಾನಿಸಿದೆ. ಅಲ್ಲಿಯವರೆಗೆ ಸೈಕಲ್ಲು ಮುಟ್ಟಬೇಡ ಅಂದರೆ ರಮ್ಯಾ ಮುಖ ಊದಿಸಿದಳು. ಬಸ್ಸು ಬಾರದ ದಿನ ಮಾತ್ರ ತೆಗೆಯಬೇಕು, ದಿಣ್ಣೆ ಬಂದಾಗ ಇಳಿದು ತಳ್ಳಿಕೊಂಡು ಬರಬೇಕು, ಮುಂದಿನ ಬ್ರೇಕಿನ ಮೇಲೆ ಕೈ ಇರಲೇಬೇಕು ಅಂತ ಮಾತು ತೆಗೆದುಕೊಂಡೆ. ಈ ಮಾತುಕತೆಯೆಲ್ಲ ನಡೆದದ್ದು ಗುಮಟಿಯ ಮುಂದೆ, ಅವಳು ಕಾಲೇಜಿನಿಂದ ಬರುವಾಗ. ಅಪ್ಪನಿಗೆ ಇದು ಗೊತ್ತಿರಲಿಲ್ಲ. ಹೇಳಬೇಕು ಅಂತ ಯಾರಿಗೂ ಹೊಳೆಯಲಿಲ್ಲ.

ಶುಕ್ರವಾರ ರಾತ್ರಿ ಮುಂಗಾರು ಚೆನ್ನಾಗಿ ಹೊಡೆಯಿತು. ಶನಿವಾರ ಬೆಳಿಗ್ಗೆ ಗುಮಟಿಯಲ್ಲಿ ಕೂತಿದ್ದೆ. ರಸ್ತೆ ನೆಂದು ಕರ್ರಗೆ ಹೊಳೆಯುತ್ತಿತ್ತು. ಎರಡೂ ಬದಿಯ ಎರೆ ಹೊಲಗಳನ್ನು ಹಿಂದಿನ ವಾರವಷ್ಟೇ ಈರುಳ್ಳಿಗೆ ಹದ ಮಾಡಿದ್ದರು, ಅವೂ ನೆಂದು ಅಂಟಂಟಾಗಿದ್ದವು. ದಿನಾ ಪ್ಯಾಸೆಂಜರ್ ಗಾಡಿ ದಾಟಿ, ಗೇಟು ತೆಗೆದ ಎಷ್ಟೋ ಹೊತ್ತಿನ ಮೇಲೆ ರಮ್ಯಾ ಬರುತ್ತಿದ್ದಳು. ಅವತ್ತು ಪ್ಯಾಸೆಂಜರನ್ನು ಎಲ್ಲೋ ನಿಲ್ಲಿಸಿ ಗೂಡ್ಸನ್ನು ಮುಂದೆ ಬಿಟ್ಟಿದ್ದರು. ಸ್ಟೇಷನ್ನಿನಿಂದ ಫೋನು ಬಂತು, ಗೇಟು ಹಾಕಿ ಬೀಗ ಜಡಿದೆ.

ಅಪ್ಪ ದಿನದಂತೆ ಹೊಲದ ಕಾಲುದಾರಿಯಲ್ಲಿ ನಡೆದು ಬಂದು ನನಗೆ ತಿಂಡಿ ತಂದಿದ್ದ. ಗೂಡ್ಸು ಬರುವುದಕ್ಕೆ ಇನ್ನೂ ಸ್ವಲ್ಪ ಸಮಯ ಇತ್ತಲ್ಲ, ಡಬ್ಬಿ ಬಿಚ್ಚಿ ಒಂದು ತುತ್ತು ಬಾಯಿಗಿಟ್ಟೆ. ಅಪ್ಪ ಮೋಡ ನೋಡುತ್ತ ಸಮಾಧಾನವಾಗಿ ಹೇಳಿದ.

"ಇವತ್ತು ಬಸ್ಸು ಬರಲಿಲ್ಲ, ಮಗ ಸೈಕಲ್ಲಲ್ಲೇ ಬತ್ತಾಳೆ. ನೀನೇನೂ ಹೆದರ್ಬ್ಯಾಡ ಕಣೋ. ರಸ್ತೆ ಜಾರ್ತೈತೆ ಅಂತ ಬೆಳಿಗ್ಗೆನೇ ಅವಳಿಗೆ ಹೇಳ್ದಂಗೆ ಮುಂದಿನ ಬ್ರೇಕು ಬಿಚ್ಚಿ ಬಂದಿದೀನಿ."

ಡಬ್ಬಿ ಬದಿಗಿಟ್ಟೆ. ಅದಕ್ಕಿರುವುದು ಅದೊಂದೇ ಬ್ರೇಕು ಅಂದೆ. ಪೆಡಲಲ್ಲಿ ಐತಲ್ಲೋ ಅಂದ. ಬಾಬು ಸಾಬರು ಹೇಳಿದ್ದನ್ನು ಹೇಳುತ್ತಲೇ ಮನೆಗೆ ಫೋನು ಹಚ್ಚಿದೆ. ರಮ್ಯಾಗೆ ಆಗ ಇನ್ನೂ ಫೋನು ಕೊಡಿಸಿರಲಿಲ್ಲ. ಎತ್ತಿದ್ದು ಶಾರದಾ. ಈಗ ತಾನೇ ಹೊರಟಳು, ಏನೋ ಟೆಸ್ಟ್ ಇದೆಯಂತೆ, ತಿಂಡಿಯನ್ನೂ ತಿನ್ನಲಿಲ್ಲ ಅಂದಳು. ಕೂಗಿ ನಿಲ್ಲಿಸು ಅಂದೆ. ಅವಳು ಓಡಿದ ಸದ್ದು ಫೋನಿನಲ್ಲಿ ಕೇಳಿಸಿತು, ಆಮೇಲೆ ಏನೂ ಕೇಳಿಸಲಿಲ್ಲ.

ತಲೆ ಎತ್ತಿ ನೋಡಿದರೆ ದಿಣ್ಣೆಯ ತುದಿಯಲ್ಲಿ ಹಳದಿ ಬಣ್ಣ ಕಾಣಿಸಿತು. ಇಳಿದು ತಳ್ಳಿಕೊಂಡು ಬರಲಿ ದೇವರೇ ಅಂದುಕೊಂಡೆ. ಅವಳು ಇಳಿಯಲಿಲ್ಲ. ಟೆಸ್ಟಿಗೆ ಹೊತ್ತಾಗಿದೆ, ಈ ಹೊತ್ತಿಗೆ ಗೇಟು ತೆಗೆದೇ ಇರುತ್ತದೆ, ಬ್ರೇಕಂತೂ ಇದ್ದೇ ಇದೆ ಅಂತ ಅವಳ ಲೆಕ್ಕ. ಅದೇ ಹೊತ್ತಿಗೆ ತಿರುವಿನಲ್ಲಿ ಗೂಡ್ಸು ಕೂಗಿತು.

ಅಪ್ಪ ಎದ್ದ. ಎಪ್ಪತ್ತು ದಾಟಿದ ಮನುಷ್ಯ ಗೇಟಿನಡಿ ನುಸುಳಿ, ಹಳಿ ದಾಟಿ, ಆ ಕಡೆಯ ಗೇಟಿನಡಿಯೂ ನುಸುಳಿ ಪಂಚೆ ಎತ್ತಿಕೊಂಡು ದಿಣ್ಣೆ ಏರಿ ಓಡಿದ. ದಿನಾ ಊರವರಿಗೆಲ್ಲ ಇದಕ್ಕೇ ಬಯ್ಯುತ್ತಿದ್ದ ನಾನು ಅವನನ್ನು ತಡೆಯಲಿಲ್ಲ. ಹೋಗಬೇಕಾದದ್ದು ನಾನು. ಆದರೆ ಗೇಟು ಹಾಕಿದ ಮೇಲೆ ಗಾಡಿ ದಾಟುವವರೆಗೆ ಗೇಟಿನವನು ಬಾವುಟ ಹಿಡಿದು ತನ್ನ ಜಾಗದಲ್ಲಿ ನಿಲ್ಲಬೇಕು, ಅದನ್ನು ಬಿಟ್ಟು ಕದಲುವಂತಿಲ್ಲ. ಒಂದು ಗಳಿಗೆ ನನ್ನ ಕೈ ಬೀಗದ ಕಡೆ ಹೋಯಿತು. ಗೇಟು ತೆಗೆದುಬಿಟ್ಟರೆ ಅವಳು ಗಾಡಿಗೆ ಮುಂಚೆ ದಾಟಿಬಿಡುತ್ತಾಳೇನೋ ಅನ್ನಿಸಿತು. ಹಳಿ ಆಗಲೇ ನಡುಗುತ್ತಿತ್ತು. ಕೈ ಹಿಂದಕ್ಕೆ ತೆಗೆದೆ. 

ಗಾಡಿ ತೀರ ಹತ್ತಿರ ಬಂದಿತ್ತು, ಕೆಂಪು ತೋರಿಸಿದರೂ ನಿಲ್ಲುವಂತಿರಲಿಲ್ಲ. ಹಸಿರು ಬಾವುಟ ಹಿಡಿದು ನಿಂತೆ. ದಿಣ್ಣೆಯ ನಡುವೆ ಸೈಕಲ್ಲಿನ ವೇಗ ಏರಿತು. ರಮ್ಯಾಳ ಕೈ ಬ್ರೇಕನ್ನು ಮತ್ತೆ ಮತ್ತೆ ಹಿಸುಕುತ್ತಿದ್ದದ್ದು ಕಾಣುತ್ತಿತ್ತು. ಆಮೇಲೆ ಕಾಲಲ್ಲಿ ಹಿಂದಕ್ಕೆ ಒತ್ತಿದಳು. ಒತ್ತಿದ ಕಾಲು ಖಾಲಿ ತಿರುಗಿತು, ಅವಳ ಮೈ ಒಂದು ಕಡೆ ವಾಲಿತು. ರಿಂಗ್ ಬಿಟ್ಟಿತ್ತು. ಅವಳು ಎರಡೂ ಕಾಲುಗಳನ್ನು ಅಗಲಕ್ಕೆ ಚಾಚಿದಳು. ಕೆಳಗೆ ಗೇಟಿನ ಕಂಬಿ ಸರಿಯಾಗಿ ಅವಳ ಕೊರಳ ಮಟ್ಟಕ್ಕೆ ಅಡ್ಡ ಇತ್ತು, ಅದರಾಚೆ ಹಳಿ. ನಾನು ಕೂಗಿದೆ, ಏನು ಕೂಗಿದೆನೋ ಗೊತ್ತಿಲ್ಲ, ಗೂಡ್ಸಿನ ಹಾರ್ನಿನಲ್ಲಿ ನನ್ನ ದನಿ ನನಗೇ ಕೇಳಲಿಲ್ಲ. ಕೊನೆಗೆ ಕಂಡದ್ದು, ಅಪ್ಪ ರಸ್ತೆಯ ಮಧ್ಯೆ ಎರಡೂ ಕೈ ಚಾಚಿ ಅವಳಿಗೆ ಎದುರಾಗಿ ನಿಂತದ್ದು. ಅಷ್ಟರಲ್ಲಿ ಇಂಜಿನ್ನು ನಮ್ಮ ನಡುವೆ ಬಂದುಬಿಟ್ಟಿತು.

ಗೂಡ್ಸು ಅಂದರೆ ಮುಗಿಯುವ ಗಾಡಿಯಲ್ಲ. ಡಬ್ಬಿಯ ಹಿಂದೆ ಡಬ್ಬಿ ಬರುತ್ತಲೇ ಇತ್ತು. ಡಬ್ಬಿಗಳ ಸಂದಿಯಲ್ಲಿ ದಿಣ್ಣೆಯ ರಸ್ತೆ ತುಂಡು ತುಂಡಾಗಿ ಕಾಣುತ್ತಿತ್ತು. ರಸ್ತೆ ಖಾಲಿ. ಅಪ್ಪ ಇಲ್ಲ, ಮಗಳಿಲ್ಲ. ಗೇಟಿಗೆ ಏನಾದರೂ ಬಡಿಯಿತೇ ಅಂತ ಕಿವಿಗೊಟ್ಟರೆ ಗಾಡಿಯ ಸದ್ದು ಬಿಟ್ಟು ಇನ್ನೇನೂ ಇಲ್ಲ. ಬಗ್ಗಿ ಚಕ್ರಗಳ ಅಡಿಯಿಂದ ನೋಡಬೇಕು ಅನ್ನಿಸಿತು, ನೋಡುವ ಧೈರ್ಯ ಬರಲಿಲ್ಲ. ಅಲ್ಲಿ ಹಳದಿ ಕಂಡರೆ ಏನು ಮಾಡುವುದು? ಬಾವುಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಹಿಂದಿನ ಡಬ್ಬಿಯ ಗಾರ್ಡು ನನಗೆ ಹಸಿರು ತೋರಿಸಿ ನಗುತ್ತ ಹೋದ.

ಗಾಡಿ ದಾಟಿತು. ಗೇಟಿನ ಹತ್ತಿರ ಯಾರೂ ಇರಲಿಲ್ಲ. ರಸ್ತೆಯಿಂದ ಸ್ವಲ್ಪ ಒಳಗೆ, ಎರೆ ಹೊಲದಲ್ಲಿ, ಹಳದಿ ಸೈಕಲ್ಲು ಮುಂದಿನ ಚಕ್ರ ಹೂತುಕೊಂಡು ನೆಟ್ಟಗೆ ನಿಂತಿತ್ತು. ಅದರ ಪಕ್ಕ ಕೆಸರಲ್ಲಿ ರಮ್ಯಾ ಕೂತಿದ್ದಳು. ಅಪ್ಪ ಅವಳ ಎದುರು ಮಂಡಿಯೂರಿ, ದನ ತೊಳೆಯುವ ಹಾಗೆ ಅಂಗೈಯಲ್ಲಿ ಅವಳ ಮುಖದ ಮಣ್ಣು ಸವರಿ ಸವರಿ ತೆಗೆಯುತ್ತಿದ್ದ. ನಾನು ಹೋಗಿ ನಿಂತರೂ ನಿಲ್ಲಿಸಲಿಲ್ಲ.

ಏನಾಯಿತು ಅಂತ ರಮ್ಯಾ ಆಮೇಲೆ ಹೇಳಿದಳು. ತಾತ ರಸ್ತೆಗೆ ಅಡ್ಡ ನಿಂತು ಪೈರಿಗೆ ಬಂದ ದನ ಬೆದರಿಸುವ ಹಾಗೆ ಕೈ ಬೀಸಿ, ಹೊಲಕ್ಕೆ ತಿರುಗಿಸು ಅಂತ ಕೂಗುತ್ತಿದ್ದನಂತೆ. ನೇರ ಬಂದರೆ ತಾತನ ಮೇಲೇ ಹತ್ತಬೇಕು, ಬೇರೆ ದಾರಿಯೇ ಇರಲಿಲ್ಲ, ತಿರುಗಿಸಿದೆ ಅಂದಳು. ನೆಂದ ಎರೆ ಮಣ್ಣು ಚಕ್ರವನ್ನು ಕಚ್ಚಿ ಹಿಡಿಯಿತು, ಅವಳು ಹ್ಯಾಂಡಲ್ ದಾಟಿ ಮುಂದೆ ಬಿದ್ದಳು. ಎಡಗೈ ಮುರಿದಿತ್ತು. ಗೇಟಿಗೆ ಬದಲಿ ಆಳು ಬಂದ ಮೇಲೆ ತರೀಕೆರೆಗೆ ಹೋಗಿ ಪ್ಲಾಸ್ಟರ್ ಹಾಕಿಸಿಕೊಂಡು ಬಂದೆವು. ದಾರಿಯುದ್ದಕ್ಕೂ ಶಾರದಾ ಅತ್ತಳು, ರಮ್ಯಾ ಟೆಸ್ಟ್ ತಪ್ಪಿತಲ್ಲ ಅಂತ ಪೇಚಾಡಿದಳು. ಅಪ್ಪನ ಒಂದು ಚಪ್ಪಲಿ ಆ ಹೊಲದಲ್ಲೇ ಉಳಿದುಹೋಗಿತ್ತು.

ಭಾನುವಾರ ಆ ಸೈಕಲ್ಲನ್ನು ಹೇರಿಕೊಂಡು ಶಿವಮೊಗ್ಗದ ಅಂಗಡಿಗೆ ಹೋದೆ. ಕಳಚಿ ಬಂದ ರಿಂಗನ್ನು ಕೌಂಟರಿನ ಮೇಲಿಟ್ಟು, ಒಳಗಡೆ ಬೆರಳಾಡಿಸಿ ನೋಡಿ, ಬಳೆಯ ಹಾಗೆ ನುಣ್ಣಗಾಗಿದೆ ಅಂದೆ. ಅಲ್ಲಿದ್ದ ಹುಡುಗ ವಿನಯದಿಂದಲೇ ಮಾತಾಡಿದ. ಬ್ರೇಕು ನಿಮ್ಮ ಕಡೆಯವರು ಬಿಚ್ಚಿದ್ದರಿಂದ ವಾರಂಟಿ ಬರುವುದಿಲ್ಲ ಸಾರ್ ಅಂದ. ರಿಂಗ್ ಬಿಚ್ಚಿದವರು ಯಾರು ಅಂತ ಕೇಳಿದೆ. ಪಾಪ, ಅದು ಅವನು ಮಾಡಿದ್ದೂ ಅಲ್ಲ. ನನ್ನ ಕೂಗಾಟಕ್ಕೆ ಜನ ಸೇರಿದರು, ಆಮೇಲೆ ಅವರವರ ಬುಟ್ಟಿ ತಳ್ಳಿಕೊಂಡು ಹೋದರು. ಅವನ ಬೆನ್ನ ಹಿಂದೆ ಅಂಥವೇ ಇನ್ನೂ ಸಾಲಾಗಿ ನಿಂತಿದ್ದವು, ನೀಲಿ, ಕೆಂಪು, ಹಳದಿ.

ಆ ಮಳೆಗಾಲವೆಲ್ಲ ನನಗೆ ಸರಿಯಾಗಿ ನಿದ್ದೆ ಇಲ್ಲ. ದಿಣ್ಣೆಯ ಮೇಲೆ ಯಾರದೇ ಸೈಕಲ್ಲು ಕಂಡರೂ ಎದ್ದು ನಿಲ್ಲುತ್ತಿದ್ದೆ.  ಅಪ್ಪ ತಿಂಡಿ ತರುವುದನ್ನು ಬಿಟ್ಟ. ಗೇಟಿನ ಕಡೆಗೇ ಬರುತ್ತಿರಲಿಲ್ಲ, ಮನೆಯಲ್ಲೂ ಜಗಲಿಯ ಮೂಲೆಯಲ್ಲಿ ಕೂತೇ ಇರುತ್ತಿದ್ದ. ನಿನ್ನಿಂದ ಹೀಗಾಯಿತು ಅಂತ ನಾವು ಯಾರೂ ಅನ್ನಲಿಲ್ಲ. ನಿನ್ನಿಂದಲೇ ಉಳಿದಳು ಅಂತ ನಾನು ಹೇಳಿದೆ, ಅದು ನಿಜವೂ ಹೌದು. ಅದು ಅವನ ಕಿವಿಗೆ ಹೋದ ಹಾಗೆ ಕಾಣಲಿಲ್ಲ. ರಮ್ಯಾ ಮಾತ್ರ ಪ್ಲಾಸ್ಟರಿನ ಕೈ ಅವನ ತೊಡೆಯ ಮೇಲಿಟ್ಟುಕೊಂಡು ಓದುತ್ತ ಕೂರುತ್ತಿದ್ದಳು. ಅವಳಿಗೆ ಭಯ ಅನ್ನುವುದು ಆ ಹೊಲದಲ್ಲೇ ಬಿಟ್ಟುಹೋಗಿತ್ತು. ಅದನ್ನು ಮನೆಗೆ ತಂದವರು ನಾನು ಮತ್ತು ಅಪ್ಪ.

ಪ್ಲಾಸ್ಟರ್ ತೆಗೆದ ಮೇಲೆ ಅವಳು ಮತ್ತೆ ಸೈಕಲ್ಲು ಬೇಕು ಅಂದಳು. ಬೇಡ ಅಂತ ಹೇಳಿ ಹೇಳಿ ಸೋತೆ. ಬಾಬು ಸಾಬರೇ ಮುಂದೆ ನಿಂತು ಒಂದು ಕಪ್ಪು ಲೇಡೀಸ್ ಸೈಕಲ್ಲು ಆರಿಸಿ ಕೊಟ್ಟರು. ಎರಡು ಬ್ರೇಕು, ಚೈನಿಗೆ ಕವರು, ಗಟ್ಟಿ ಕಬ್ಬಿಣ. ಅಂಗಳದಲ್ಲಿ ಪೂಜೆ ಮಾಡಿದೆವು. ನಿಂಬೆಹಣ್ಣು ಹಿಸುಕಿದ್ದಾಯಿತು, ಕಾಯಿ ಒಡೆದದ್ದಾಯಿತು. ಅಪ್ಪ ಜಗಲಿಯಿಂದ ಎದ್ದು ಒಳಗೆ ಹೋಗಿ ಸ್ಪ್ಯಾನರ್ ಹಿಡಿದುಕೊಂಡು ಬಂದ. ಶಾರದಾ ನನ್ನ ಮುಖ ನೋಡಿದಳು. 

ಅಪ್ಪ ಮುಂದಿನ ಚಕ್ರದ ಹತ್ತಿರ ಕುಕ್ಕರಗಾಲಲ್ಲಿ ಕೂತ. ಬ್ರೇಕಿನ ನಟ್ಟಿಗೆ ಸ್ಪ್ಯಾನರ್ ಹಾಕಿ ಬಿಗಿ ಮಾಡಿದ, ಇನ್ನೊಂದು ಸುತ್ತು ಬಿಗಿ ಮಾಡಿದ. ಎದ್ದು ಬ್ರೇಕು ಹಿಸುಕಿ, ಸೈಕಲ್ಲು ಮುಂದಕ್ಕೆ ತಳ್ಳಿ, ಅದು ನಿಂತದ್ದನ್ನು ನೋಡಿದ. ಆಮೇಲೆ ರಮ್ಯಾಳ ಎರಡೂ ಕೈ ಹಿಡಿದು ಎರಡೂ ಬ್ರೇಕಿನ ಮೇಲಿಟ್ಟ.

"ಎರಡೂ ಹಿಡಿ ಮಗ. ಹಿಂದಿಂದು ಮೊದ್ಲು, ಮುಂದಿಂದು ಆಮೇಲೆ. ಎರಡೂ ಹಿಡಿ."

ಆಗಲಿ ತಾತ ಅಂದಳು. ಸೈಕಲ್ಲು ಹತ್ತಿ ಕೂತಳು. ಆದರೆ ಸೈಕಲ್ಲು ಮುಂದಕ್ಕೆ ಹೋಗಲಿಲ್ಲ. ಅಪ್ಪನ ಕೈ ಅವಳ ಕೈಯ ಮೇಲೆ, ಮುಂದಿನ ಬ್ರೇಕಿನ ಮೇಲೆ, ಬಿಗಿಯಾಗಿ ಹಾಗೇ ಇತ್ತು. ಬಿಡು ತಾತ, ಹೊತ್ತಾಯ್ತು ಅಂದಳು. ಅವನು ಹೂಂ ಅಂದ, ಬಿಡಲಿಲ್ಲ. ನಾನೇ ಹೋಗಿ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು.